ಬಾಳ್ಗಚ್ಚು, ನೆತ್ತರುಗೊಡಗೆ, ಒಂದು ಕಲ್ಲು: ಊರು ತನ್ನ ವೀರರಿಗೆ ಕೊಟ್ಟದ್ದು



ಬಂಡೀಪುರದ ಕಾಡಂಚಿನಲ್ಲಿ ಸೇರಿರುವ ಈ ವಿಚಾರ ಸಂಕಿರಣದ ಮುಂದೆ ಮೇಲ್ನೋಟಕ್ಕೆ ಸಣ್ಣದೆನಿಸುವ ಒಂದು ಪ್ರಶ್ನೆ ಇದೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಬೆಳೆಸುವ ಆಟ ಈಗ ಕನ್ನಡದ ಹುಡುಗ ಹುಡುಗಿಯರಿಗೂ ಪರಿಚಿತ. ಆ ಕಥೆಯಲ್ಲಿ ವೀರರು ಒಂದು ಹಳ್ಳಿಯನ್ನು ಉಳಿಸುತ್ತಾರೆ. ದನ ಹೊಡೆದುಕೊಂಡು ಹೋದ ಕಳ್ಳರನ್ನು ಅಟ್ಟುತ್ತಾರೆ, ಮೃಗವನ್ನು ತಡೆಯುತ್ತಾರೆ. ಆಮೇಲೆ ಹಳ್ಳಿಯವರು ಅವರಿಗೆ ಏನು ಕೊಡಬೇಕು?

ಈ ಬಗೆಯ ಆಟಗಳ ಮೂಲಪುರುಷರಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟಿಸಿದಾಗ ಇದಕ್ಕೆ ನೇರವಾದ ಲೆಕ್ಕವೊಂದಿತ್ತು. ಗುಹೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವದ ಅಂಕ. ಆಟ ಓಡುವುದಕ್ಕೆ ಅದು ಸಾಕಾಗಿತ್ತು. ಆದರೆ ರಾಗಿ, ಹುರುಳಿ ಬೆಳೆದು ಬದುಕುವ ಹಳ್ಳಿಯಲ್ಲಿ ಚಿನ್ನದ ಚೀಲ ಎಲ್ಲಿಂದ ಬರಬೇಕು? ಆಟದ ಹಳ್ಳಿಗಳು ಬರೀ ಬಣ್ಣದ ಪರದೆಯಂತೆ ಕಾಣುವುದು ಇಲ್ಲಿಯೇ. ಊರಿನವರು ಇನಾಮು ಕೊಡುತ್ತಾರೆ, ವೀರರು ಮುಂದಿನ ಊರಿಗೆ ನಡೆಯುತ್ತಾರೆ, ಊರು ಮರೆತುಹೋಗುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಈ ಪ್ರಶ್ನೆಗೆ ಕಲ್ಪನೆಯಿಂದ ಉತ್ತರ ಹೊಸೆಯಬೇಕಾಗಿಲ್ಲ. ಸಾವಿರದೈನೂರು ವರ್ಷಗಳಿಂದ ಉತ್ತರ ಕಲ್ಲಿನ ಮೇಲೆಯೇ ಇದೆ.

ಕನ್ನಡದ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ನೆನಪಾಗುವ ಹಲ್ಮಿಡಿ ಶಾಸನವನ್ನೇ ನೋಡಬಹುದು. ಬೇಲೂರು ತಾಲ್ಲೂಕಿನ ಆ ಕಲ್ಲನ್ನು ಸುಮಾರು ಕ್ರಿ.ಶ. 450ರದೆಂದು ಹೇಳಲಾಗುತ್ತದೆ. ಅದನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಕನ್ನಡದ ಹಳಮೆಗೆ ಸಾಕ್ಷಿಯೆಂದು ಅದನ್ನು ಎಲ್ಲರೂ ಓದುತ್ತಾರೆ. ಒಳಗಿರುವ ಸಂಗತಿ ಮಾತ್ರ ಒಬ್ಬ ವೀರನ ಬಹುಮಾನದ್ದು. ಕೇಕಯ ಪಲ್ಲವರ ಮೇಲಿನ ಕಾಳಗದಲ್ಲಿ ಗೆದ್ದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಡಲಾಯಿತು. ಆ ಕೊಡುಗೆಯ ಹೆಸರು ‘ಬಾಳ್ಗಳ್ಚು’, ಮುಂದಿನ ರೂಪದಲ್ಲಿ ‘ಬಾಳ್ಗಚ್ಚು’, ಅಂದರೆ ನೆತ್ತರಾದ ಬಾಳನ್ನು, ಕತ್ತಿಯನ್ನು, ತೊಳೆಯುವುದು. ಕೊಟ್ಟದ್ದು ಗುಟ್ಟಿನಲ್ಲಲ್ಲ. ಸೇಂದ್ರಕ ಮತ್ತು ಬಾಣ, ಎರಡೂ ನಾಡುಗಳ ವೀರಪುರುಷರ ಸಮಕ್ಷಮದಲ್ಲಿ. ಕತ್ತಿಯನ್ನು ತೊಳೆದು ಕಾಳಗ ಮುಗಿಯಿತೆಂದು ಸಾರುವ ಆಚರಣೆ, ಬದುಕಿಗೊಂದು ಆಧಾರ, ನಾಲ್ಕು ಜನರ ಸಾಕ್ಷಿ: ಈ ಮೂರೂ ಒಟ್ಟಿಗೆ ಬಂದಾಗಲೇ ಅದು ಬಹುಮಾನವೆನಿಸಿತು.

ಬದುಕಿ ಬಂದವನಿಗೆ ಬಾಳ್ಗಚ್ಚು. ಮಡಿದವನ ಮನೆಗೆ ‘ನೆತ್ತರುಗೊಡಗೆ’. ಹರಿದ ನೆತ್ತರಿಗಾಗಿ ಕೊಟ್ಟ ಭೂಮಿ ಎಂಬುದು ಅದರ ನೇರ ಅರ್ಥ. ಶಾಸನಗಳಲ್ಲಿ ಇದಕ್ಕೆ ರಕ್ತಕೊಡಗಿ ಎಂದೂ, ಇಂಥ ಹಲವು ಕೊಡುಗೆಗಳಿಗೆ ಕಲ್ನಾಡು ಎಂದೂ ಹೆಸರಿದೆ. ಯಾವ ಸಾಹಸಕ್ಕೆ ಈ ಗೌರವ? ತುರುಗೊಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು, ನಡೆದಾಗ ಅಡ್ಡಗಟ್ಟಿ ಬಿಡಿಸಿಕೊಂಡದ್ದು. ಪೆಣ್ಬುಯ್ಯಲ್, ಅಂದರೆ ಹೆಣ್ಣುಮಕ್ಕಳ ಕೂಗು, ಕೇಳಿ ಓಡಿಬಂದು ಕಾದಾಡಿದ್ದು. ಊರಳಿವಿನಲ್ಲಿ, ಅಂದರೆ ಊರೇ ಹಾಳಾಗುವ ಹೊತ್ತಿನಲ್ಲಿ, ನಿಂತದ್ದು. ಗಡಿಕಾಳಗ, ಹಂದಿಬೇಟೆ, ಹುಲಿಬೇಟೆ ಪಟ್ಟಿಯಲ್ಲಿ ಮುಂದಿವೆ. ಅರಸರ ದೊಡ್ಡ ಯುದ್ಧಗಳಿಗಿಂತ ಹಟ್ಟಿಯ ಹತ್ತಿರದ ಈ ಜಗಳಗಳೇ ನಾಡಿನ ಉದ್ದಗಲಕ್ಕೂ ಕಲ್ಲು ನಿಲ್ಲಿಸಿದವು. ಕೊಡುಗೆ ಕೊಟ್ಟವರಲ್ಲಿ ಅರಸರಿದ್ದಾರೆ, ನಾಡನ್ನಾಳುವ ಸಾಮಂತರಿದ್ದಾರೆ. ಹಲವೆಡೆ ಗಾವುಂಡರು, ಸಮಸ್ತ ಪ್ರಜೆಗಳು ಸೇರಿ ಕೊಟ್ಟಿದ್ದಾರೆ. ಅಲ್ಲೆಲ್ಲ ಕೊಟ್ಟದ್ದು ಊರೇ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆಯನ್ನು ಆಟ ಕಟ್ಟುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಕ್ರಿ.ಶ. 949-50ರ ಕಾಲ. ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದು, ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಗೆಲುವು ತಂದುಕೊಟ್ಟಿದ್ದ. ಆ ಕಾಳಗದಲ್ಲಿ ಬೂತುಗನ ಜೊತೆ ಮುನ್ನುಗ್ಗಿದ ಮಣಲೇರನ ಮೇಲೆ ಒಡೆಯನಿಗೆ ಮೆಚ್ಚುಗೆಯಾಯಿತು, ಬೇಕಾದ್ದನ್ನು ಬೇಡಿಕೋ ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಗುಡ್ಡದಲ್ಲಿ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು.

ನಾಯಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟರು. ಆ ಕಲ್ಲಿನ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಗುಡಿಯ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ಮಣಲೇರನಿಗೆ ಆತಕೂರು ಹನ್ನೆರಡು ಊರುಗಳೂ ಬೆಳ್ವೊಲದ ಒಂದು ಊರೂ ಬಾಳ್ಗಚ್ಚಾಗಿ ಬಂದವು. ಒಂದೇ ಕಲ್ಲಿನಲ್ಲಿ ಮನುಷ್ಯನ ಬಹುಮಾನ, ಪ್ರಾಣಿಯ ಬಹುಮಾನ, ಪೂಜೆಯ ಖರ್ಚಿನ ಲೆಕ್ಕ, ತಪ್ಪಿದವನಿಗೆ ಶಾಪ. ಇದನ್ನು ಓದಿದ ಮೇಲೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಳೆಯ ಬಹುಮಾನ ಪಡೆದವನನ್ನು ಕಟ್ಟಿಹಾಕಿದಷ್ಟೇ ಕೊಟ್ಟವರನ್ನೂ ಕಟ್ಟಿಹಾಕುತ್ತಿತ್ತು. ಕೊಟ್ಟು ಕೈತೊಳೆದುಕೊಳ್ಳುವಂತಿರಲಿಲ್ಲ, ತಲೆಮಾರುಗಳ ತನಕ ದೀಪ ಹಚ್ಚಬೇಕಿತ್ತು. ಈ ಸಂಕಿರಣ ಹಿಡಿಯಬೇಕಾದ ಎಳೆ ಅದೇ.

ಬೆಂಗಳೂರಿನ ಬೇಗೂರಿನ ಕಲ್ಲು ಇನ್ನೊಂದು ಬಗೆಯನ್ನು ತೋರಿಸುತ್ತದೆ. ಸುಮಾರು ಕ್ರಿ.ಶ. 890ರ ಹೊತ್ತಿಗೆ ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನೆಂಬ ವೀರ ಮಡಿದ. ಗಂಗರ ಎರೆಯಪ್ಪ ಇರುಗನೆಂಬುವನಿಗೆ ನಾಗತ್ತರನ ಪಟ್ಟವನ್ನೇ ಕಟ್ಟಿ, ಬೆಂಪೂರು ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟ. ಸತ್ತವನ ಹೆಸರು ಬದುಕಿರುವವನ ಹೊಣೆಯಾಯಿತು. ಆಟದಲ್ಲಿ ಒಂದು ಪಾತ್ರ ಸತ್ತರೆ ಆಟಗಾರ ಹೊಸ ಹಾಳೆ ತೆಗೆದು ಹೊಸ ಪಾತ್ರ ಬರೆಯುತ್ತಾನೆ. ಹಳೆಯ ಹೆಸರೂ ಭೂಮಿಯೂ ಹೊಸ ಪಾತ್ರಕ್ಕೆ ಬಂದರೆ ಆ ಮೇಜಿನ ಕಥೆ ಎಷ್ಟು ಗಟ್ಟಿಯಾದೀತು!

ಇನ್ನು ಕಲ್ಲಿನ ರೂಪ. ಸಾಮಾನ್ಯ ವೀರಗಲ್ಲಿಗೆ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರ. ಅಕ್ಷರ ಬಾರದವರೂ ಕೆಳಗಿನಿಂದ ಮೇಲಕ್ಕೆ ಅದನ್ನು ಓದಬಲ್ಲರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಲೋಕದೊಳಕ್ಕೆ ಹೋಗಲು ಬಾಗಿಲು ತೆರೆದಿಟ್ಟಿವೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರು.

ಬಹುಮಾನದ ಇನ್ನೊಂದು ದಾರಿ ಹಾಡು. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಹುಲಿಯನ್ನೇರಿ ಬಂದ ಮಲೆಯ ಮಾದಪ್ಪನ ಕಥೆಯನ್ನು ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಮಣ್ಣಿನ ತುಂಡೂ ಇಲ್ಲದ ಬಡವ ಕೂಡ ಕೊಡಬಲ್ಲ ಮರ್ಯಾದೆ ಅದು.

ಬಂಡೀಪುರದಲ್ಲಿ ನಿಂತು ವೀರರ ಮಾತಾಡುವಾಗ ಕಾಲ ಬದಲಾದದ್ದನ್ನೂ ಹೇಳಬೇಕು. ಹಿಂದೆ ಹುಲಿ ಇರಿದವನಿಗೆ ಕಲ್ಲು ನಿಲ್ಲುತ್ತಿತ್ತು. ಸಳ ಹುಲಿಯನ್ನು ಕೊಂದ ಕಥೆ ಹೊಯ್ಸಳರ ಲಾಂಛನವೇ ಆಯಿತು. 1931ರಲ್ಲಿ ಮೈಸೂರು ಮಹಾರಾಜರು ಇಲ್ಲಿ 90 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. 1941ರಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಬೆಳೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಈಗ ಇಲ್ಲಿ ವೀರನೆಂದರೆ ಹುಲಿಯನ್ನು ಕಾಯುವವನು. 2019ರ ಫೆಬ್ರವರಿಯಲ್ಲಿ ಈ ಕಾಡಿಗೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ನೆಲದ ಮೇಲೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯನ್ನು ಬಡಿದವರು ವಾಚರುಗಳು, ಕಾಡಂಚಿನ ಯುವಕರು, ದೂರದಿಂದ ಬಂದ ಸ್ವಯಂಸೇವಕರು. ಅವರಿಗಾಗಿ ನಿಲ್ಲಿಸಬೇಕಾದ ಕಲ್ಲು ಯಾವ ಬಗೆಯದು?

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಒಂದು ಉತ್ತರ ಸಿಗುತ್ತದೆ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಗ್ರಾಮದಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಬಡವರಿಗೆ ಮನೆ ಕಟ್ಟಿಸಿದರು, ಊರಿನವರ ಜೊತೆ ಸೇರಿ ಮಾರಿಯಮ್ಮನ ಗುಡಿ ಎಬ್ಬಿಸಿದರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಮೋಸದಿಂದ ಕರೆಸಿ ಕೊಂದ. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು. ಊರಿನವರು ಕೊಟ್ಟದ್ದು ಬೇರೆ: ಶ್ರೀನಿವಾಸ್ ಅವರೇ ಕಟ್ಟಿಸಿದ ಮಾರಿಯಮ್ಮನ ಗುಡಿಯಲ್ಲಿ ಅವರ ಪಟಕ್ಕೊಂದು ಜಾಗ. ಶಾಸನದ ಹಳೆಯ ಭಾಷೆ ಮರೆತರೂ ಊರಿಗೆ ಆ ರೂಢಿ ಮರೆತಿಲ್ಲ.

ಈ ಪರಂಪರೆಯನ್ನು ಆಟಕ್ಕೆ ತರುವಾಗ ಕಣ್ಣು ಮುಚ್ಚಬಾರದ ಸಂಗತಿಯೂ ಉಂಟು. ವೀರಗಲ್ಲಿನ ಮಗ್ಗುಲಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ನಿಂತಿದೆ, ಸತಿ ಹೋದವಳಿಗಾಗಿ ನೆಟ್ಟ, ಬಳೆ ತೊಟ್ಟ ಕೈ ಮೇಲೆತ್ತಿದ ಕಲ್ಲು. ಗಂಡನಿಗೆ ಸಿಕ್ಕ ಗೌರವದ ಜೊತೆ ಹೆಂಡತಿಯಿಂದ ಊರು ಏನನ್ನು ಕೇಳಿತು ಎಂಬುದಕ್ಕೆ ಅದು ಸಾಕ್ಷಿ. ಕೊಡುಗೆಯಾಗಿ ಹೋದ ಹೊಲವನ್ನು ಅಲ್ಲಿಯತನಕ ಉಳುತ್ತಿದ್ದವರು ಯಾರು ಎಂಬ ಪ್ರಶ್ನೆಯೂ ಇದೆ. ಬಹುಮಾನದ ಭಾರ ಯಾರ ಹೆಗಲಿಗೆ ಬಿತ್ತೆಂದು ಕೇಳುವ ಆಟ ಹೆಚ್ಚು ಸತ್ಯವಾದ ಆಟ.

ಹಾಗಾದರೆ ಮೇಜಿನ ಮೇಲೆ ಇದು ಹೇಗೆ ಕಾಣಬೇಕು? ಆಟ ನಡೆಸುವವರು ಊರ ಹಿರಿಯನ ಪಾತ್ರ ವಹಿಸಿ ಈ ಸೀಮೆಯ ಮಾತಿನಲ್ಲೇ ಹೀಗೆ ಹೇಳಬಹುದು: “ನಮ್ತವ ಚಿನ್ನ ಎಲ್ಲದ ಬುದ್ಧಿ? ಕೆರೆ ಕೆಳ್ಗ ಎರಡು ಗದ್ದೆ ಅದ, ನಿಮ್ಮ ಮಕ್ಕಳು ಉಂಡ್ಕಳ್ಲಿ.” ಅಲ್ಲಿಗೆ ವೀರನಿಗೆ ಒಂದು ವಿಳಾಸ ಬಂತು. ಮುಂದಿನ ಮಳೆಗಾಲದಲ್ಲಿ ಕೆರೆ ಒಡೆದರೆ ಅದು ಅವನ ಗದ್ದೆಯ ಮಾತೂ ಆಗುತ್ತದೆ. ಅರಳಿಕಟ್ಟೆಯ ಮೇಲೆ ಕೂರುವ ಜಾಗ, ಹಬ್ಬದಲ್ಲಿ ಮೊದಲ ವೀಳ್ಯ, ಹುಟ್ಟಿದ ಕೂಸಿಗೆ ಅವನ ಹೆಸರು, ಸತ್ತ ನಾಯಿಗೆ ಒಂದು ಕಲ್ಲು, ಪೂಜೆ ತಪ್ಪಿಸಿದ ವರ್ಷ ಊರಿಗೆ ಬರುವ ತೊಂದರೆ: ಒಂದೊಂದೂ ಹೊಸ ಕಥೆಯ ಬೀಜ.

ಆ ಕಲ್ಲುಗಳ ಇಂದಿನ ಸ್ಥಿತಿ ಸಂಕಟ ತರುವಂಥದು. ಕೆಲವಕ್ಕೆ ಊರವರು ಇಂದಿಗೂ ಎಣ್ಣೆ, ಅರಿಶಿನ ಹಚ್ಚುತ್ತಾರೆ. ಕೆಲವು ಮೆಟ್ಟಿಲಾಗಿವೆ, ಬಟ್ಟೆ ಒಗೆಯುವ ಹಾಸಾಗಿವೆ, ರಸ್ತೆ ಅಗಲವಾಗುವಾಗ ಮಣ್ಣು ಸೇರಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಲ್ಲು ಸುಮಾರು ಕ್ರಿ.ಶ. 750ರ ಕಿತ್ತಯ್ಯನೆಂಬ ವೀರನದು. ಅಲ್ಲಿನ ಜನ ಅದನ್ನು ಉಳಿಸಿಕೊಂಡು ಅದಕ್ಕೊಂದು ಮಂಟಪ ಕಟ್ಟಿದರು. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ. ಅದೇ ಕೆಲಸ ಗುಂಡ್ಲುಪೇಟೆಯ ಹೊಲದ ಬದುಗಳಿಗೂ ಬರಬೇಕು.

ಆದ್ದರಿಂದ ಈ ಸಂಕಿರಣದ ಮೊದಲ ಗೋಷ್ಠಿಗಿಂತ ಮುಂಚೆ ಒಂದು ಕೋರಿಕೆ. ಪ್ರತಿ ತಂಡದಲ್ಲಿ ಆಟ ಬರೆಯುವ ಒಬ್ಬರು, ಶಾಸನ ಓದಬಲ್ಲ ಒಬ್ಬರು, ಈ ಊರುಗಳ ಒಬ್ಬ ಹಿರಿಯರು ಇರಲಿ. ಹತ್ತಿರದ ಹಳ್ಳಿಯ ಒಂದು ಕಲ್ಲಿನ ಮುಂದೆ ಹೋಗಿ ನಿಲ್ಲಲಿ. ಅದರ ಅಳತೆ, ಅಂತಸ್ತುಗಳ ಚಿತ್ರ, ಅಕ್ಷರವಿದ್ದರೆ ಅದರ ಓದು, ಊರವರು ಅದನ್ನು ಕರೆಯುವ ಹೆಸರು, ಈಗ ಪೂಜೆ ಮಾಡುವ ಮನೆತನ ಇಷ್ಟನ್ನೂ ಬರೆದುಕೊಳ್ಳಲಿ. ಆ ಹಾಳೆ ಮೊದಲು ಊರ ಶಾಲೆಗೆ ಹೋಗಲಿ. ಅದರ ಇನ್ನೊಂದು ಪ್ರತಿ ನಾಳೆ ಸಂಜೆ ಆಟದ ಮೇಜಿಗೆ ಬರಲಿ, ದಾಳ ಅದರ ಪಕ್ಕದಲ್ಲೇ ಉರುಳಲಿ.