ಜನರೇ ಬರೆದ ನಕ್ಷೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ನಮ್ಮ ಶಾಲೆಯ 2004ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, ಕಂಪ್ಯೂಟರಿನ ಭವಿಷ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಎಂದಿದ್ದರು. ಆ ಭವಿಷ್ಯ ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಸಮಿತಿಯವರ ಅಪ್ಪಣೆ ಪಡೆದು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಇದು ಜರ್ಮನಿಯ ಹ್ಯಾಂಬರ್ಗ್ ಎಂಬ ಊರಿನ ಒಂದು ಪಾರ್ಕಿನ ಕಥೆ. ನಮ್ಮ ಶಾಲೆಯ ಮುಂದೆ, ರಸ್ತೆಯ ಕಡೆಗಿರುವ ಖಾಲಿ ಜಾಗದ ಬಗ್ಗೆ ನಿನ್ನೆಯಿಂದ ನಡೆಯುತ್ತಿರುವ ಮಾತುಕತೆ ನಿಮ್ಮೆಲ್ಲರ ಕಿವಿಗೂ ಬಿದ್ದಿದೆ. ಅದಕ್ಕೂ ಈ ಕಥೆಗೂ ಸಂಬಂಧ ಇದೆ ಎಂದು ನನಗೆ ತೋರಿದ್ದರಿಂದ ಹೇಳುತ್ತಿದ್ದೇನೆ.

ಕಂಪನಿಯ ಕೆಲಸದ ಮೇಲೆ ನಾನು ಎರಡು ವರ್ಷ ಹ್ಯಾಂಬರ್ಗಿನಲ್ಲಿದ್ದೆ. ಅದು ಜರ್ಮನಿಯ ಎರಡನೆಯ ದೊಡ್ಡ ನಗರ, ದೊಡ್ಡ ಬಂದರು. ಸಮುದ್ರ ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಹಡಗುಗಳು ಎಲ್ಬೆ ನದಿಯೊಳಗೆ ಸಾಗಿ ಊರಿನ ನಡುವಿಗೇ ಬರುತ್ತವೆ. ನದಿ ದಡದಲ್ಲಿ ಸಾಂಕ್ಟ್ ಪೌಲಿ ಎಂಬ ಬಡಾವಣೆ ಇದೆ. ಹಿಂದೆ ಅದು ಕೋಟೆಯ ಆಚೆಗಿತ್ತು. ಕೋಟೆಯೊಳಗೆ ಬೇಡವಾದ ಕಸುಬುಗಳೆಲ್ಲ ಅಲ್ಲಿಗೆ ಹೋದವು. ಅಲ್ಲಿನ ಪ್ರಸಿದ್ಧ ಬೀದಿಯ ಹೆಸರು ರೀಪರ್‌ಬಾನ್. ಹಾಗೆಂದರೆ ಹಗ್ಗ ಹೊಸೆಯುವವರ ದಾರಿ. ಹಡಗಿಗೆ ಬೇಕಾದ ಉದ್ದನೆಯ ಹಗ್ಗ ಹೊಸೆಯಲು ಉದ್ದನೆಯ ನೇರ ಜಾಗ ಬೇಕು ತಾನೆ? ಆಮೇಲೆ ಅದು ನಾವಿಕರ ಮೋಜಿನ ಬೀದಿಯಾಯಿತು. ಕೂಲಿಯವರು, ಬಂದರಿನ ಕೆಲಸಗಾರರು, ಬೇರೆ ದೇಶಗಳಿಂದ ಬಂದವರು, ಕೈ ಖಾಲಿಯಿದ್ದ ಕಲಾವಿದರು, ಎಲ್ಲರೂ ಅಲ್ಲಿ ನೆಲೆಸಿದರು, ಏಕೆಂದರೆ ಬಾಡಿಗೆ ಕಡಿಮೆಯಿತ್ತು.

ಇಂಥ ಜಾಗಗಳಿಗೆ ಒಂದು ಕಾಯಿಲೆ ಬರುತ್ತದೆ. ಅದಕ್ಕೆ ಜೆಂಟ್ರಿಫಿಕೇಷನ್ ಎನ್ನುತ್ತಾರೆ. 1964ರಲ್ಲಿ ಲಂಡನ್ನಿನ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಇಟ್ಟ ಹೆಸರು ಇದು. ಕೂಲಿಕಾರರ ಕೇರಿಗಳಿಗೆ ದುಡ್ಡಿರುವವರು ಬಂದು, ಹಳೆಯ ಮನೆಗಳನ್ನು ಕೊಂಡು ಚಂದ ಮಾಡಿ, ಕೊನೆಗೆ ಮೊದಲಿದ್ದವರೇ ಅಲ್ಲಿ ಇರಲಾರದಂತೆ ಆಗುವುದನ್ನು ಆಕೆ ಕಂಡಿದ್ದರು. ಯಾರೂ ಯಾರನ್ನೂ ಕತ್ತು ಹಿಡಿದು ದಬ್ಬುವುದಿಲ್ಲ. ಬಾಡಿಗೆ ಏರುತ್ತದೆ, ಚಹಾದಂಗಡಿ ಹೋಗಿ ಕೆಫೆ ಬರುತ್ತದೆ, ಅಷ್ಟೆ. ಬೆಂಗಳೂರಿನಲ್ಲಿ ನಮ್ಮಂಥ ಸಾಫ್ಟ್‌ವೇರಿನವರು ಹೋದ ಕಡೆಯೆಲ್ಲ ಏನಾಯಿತು ಎನ್ನುವುದನ್ನು ಈ ಊರಿನಿಂದ ಅಲ್ಲಿಗೆ ಹೋಗಿ ಆಟೋ ಓಡಿಸುವ, ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಣ್ಣ-ಅಕ್ಕಂದಿರನ್ನು ಕೇಳಿ. ಅಂಕಿ-ಅಂಶ ಬೇಕಿಲ್ಲ, ಅವರು ಎಷ್ಟು ಸಲ ಮನೆ ಬದಲಾಯಿಸಿದರು, ಪ್ರತಿ ಸಲವೂ ಎಷ್ಟು ದೂರ ಹೋದರು ಎಂದು ಕೇಳಿದರೆ ಸಾಕು.

ಮತ್ತೆ ಹ್ಯಾಂಬರ್ಗಿಗೆ ಬರೋಣ. ಸಾಂಕ್ಟ್ ಪೌಲಿಯ ಜನ ಸುಲಭಕ್ಕೆ ಬಗ್ಗುವವರಲ್ಲ. ಬಂದರಿನ ಬೀದಿಯಲ್ಲಿ ಕೆಡವಲೆಂದು ಖಾಲಿ ಬಿಟ್ಟಿದ್ದ ಮನೆಗಳಿಗೆ 1981ರಲ್ಲಿ ಕೆಲವರು ನುಗ್ಗಿ ವಾಸ ಮಾಡತೊಡಗಿದರು. ವರ್ಷಗಟ್ಟಲೆ ಪೊಲೀಸರ ಜೊತೆ ಜಟಾಪಟಿ ನಡೆಯಿತು. 1987ರಲ್ಲಂತೂ ರಸ್ತೆಗೆ ಅಡ್ಡಗಟ್ಟೆ ಹಾಕಿಕೊಂಡು ಕೂತರು. ಕಡೆಗೆ ತೊಂಬತ್ತರ ದಶಕದ ನಡುವಿನಲ್ಲಿ ಆ ಮನೆಗಳು ಅಲ್ಲಿ ವಾಸವಾಗಿದ್ದವರ ಸಹಕಾರ ಸಂಘಕ್ಕೇ ಬಂದವು. ಆ ಜಗಳದ ಸರಿ-ತಪ್ಪಿನ ಬಗ್ಗೆ ಅಲ್ಲಿಯವರಲ್ಲೇ ಇಂದಿಗೂ ಒಮ್ಮತವಿಲ್ಲ, ನಾನು ಅದಕ್ಕೆ ಹೋಗುವುದಿಲ್ಲ. ಆ ಮನೆಗಳ ಹತ್ತಿರವೇ, ಚರ್ಚಿನ ಪಕ್ಕದಲ್ಲಿ, ನದಿ ಕಾಣುವ ಎತ್ತರದ ದಡದಲ್ಲಿ ಒಂದು ತುಂಡು ಖಾಲಿ ಜಾಗ ಉಳಿದಿತ್ತು. ನಗರಾಡಳಿತ ಅಲ್ಲಿ ಕಟ್ಟಡ ಎಬ್ಬಿಸಲು ಹೊರಟಿತ್ತು. ನದಿಯ ನೋಟ ಇರುವ ನಿವೇಶನ ಎಂದರೆ ಅದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದೆ ಕಥೆ ಬೇರೆ ಆಗುತ್ತದೆ. ಸಾಮಾನ್ಯವಾಗಿ ಏನು ಮಾಡುತ್ತಾರೆ? ಮನವಿ ಪತ್ರ ಕೊಡುತ್ತಾರೆ, ಧರಣಿ ಕೂರುತ್ತಾರೆ, ಬೇಡ ಎನ್ನುತ್ತಾರೆ. ಬೇಡ ಎನ್ನುವುದಕ್ಕೂ ಧೈರ್ಯ ಬೇಕು. ಆದರೆ ಈ ಜನ, ಅಕ್ಕಪಕ್ಕದ ನಿವಾಸಿಗಳು, ಚರ್ಚಿನವರು, ಸಮಾಜ ಕಾರ್ಯಕರ್ತರು ಮತ್ತು ಕ್ರಿಸ್ಟೋಫ್ ಶೇಫರ್, ಕ್ಯಾಥಿ ಸ್ಕೀನ್ ಮೊದಲಾದ ಕಲಾವಿದರು, 1995ರ ಆಸುಪಾಸಿನಲ್ಲಿ ಬೇರೆ ದಾರಿ ಹಿಡಿದರು. ಪಾರ್ಕು ಈಗಾಗಲೇ ಇದೆ ಎನ್ನುವಂತೆ ನಡೆದುಕೊಳ್ಳತೊಡಗಿದರು. ಆ ಜಾಗದಲ್ಲಿ ಹಬ್ಬ ಮಾಡಿದರು, ಉಪನ್ಯಾಸ ಇಟ್ಟರು, ಸಿನಿಮಾ ತೋರಿಸಿದರು. ಲೋಕದ ಬೇರೆ ಬೇರೆ ಪಾರ್ಕುಗಳ ಬಗ್ಗೆ ಒಟ್ಟಿಗೆ ಕೂತು ಕಲಿತರು. ಇದಕ್ಕೆ ಅವರಿಟ್ಟ ಹೆಸರು ‘ಪಾರ್ಕ್ ಫಿಕ್ಷನ್’, ಎಂದರೆ ಕಲ್ಪನೆಯ ಪಾರ್ಕು.

ನಕ್ಷೆ ಯಾರು ಬರೆಯಬೇಕು? ಎಂಜಿನಿಯರು ಅಲ್ಲ, ಕಲಾವಿದರೂ ಅಲ್ಲ, ಅಲ್ಲಿ ಓಡಾಡುವವರು ಎಂದರು. ಇದನ್ನು ಹೇಳುವುದು ಸುಲಭ. ಮಾಡಿದ ಬಗೆಯೇ ನನಗೆ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಹಳೆಯ ಕಂಟೇನರ್ ತಂದು ಆ ಜಾಗದಲ್ಲಿ ನಿಲ್ಲಿಸಿ ಅದನ್ನೇ ಕಚೇರಿ ಮಾಡಿದರು. ಒಳಗೆ ಮಾದರಿ ಮಾಡಲು ಜೇಡಿಯಂಥ ಮೆತ್ತನೆಯ ಮಣ್ಣು ಇಟ್ಟರು. ಯಾರು ಬೇಕಾದರೂ ಬಂದು ತಮ್ಮ ಪಾರ್ಕನ್ನು ಕೈಯಲ್ಲೇ ಮಾಡಿ ತೋರಿಸಬಹುದು. ಕಚೇರಿಗೆ ಬರಲು ಸಂಕೋಚ ಪಡುವವರ ಮನೆಗೆ ಇವರೇ ಹೋಗುತ್ತಿದ್ದರು, ಒಂದು ಪೆಟ್ಟಿಗೆಯಲ್ಲಿ ನಕ್ಷೆ, ಮಣ್ಣು, ಪ್ರಶ್ನಾವಳಿ ಎಲ್ಲ ತುಂಬಿಕೊಂಡು. ಒಂದು ಫೋನ್ ನಂಬರೂ ಇತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಏನಾದರೂ ಹೊಳೆದರೆ ಕರೆ ಮಾಡಿ ಹೇಳಲು. ಬಂದ ಬಯಕೆಗಳನ್ನೆಲ್ಲ ಒಂದೂ ಬಿಡದೆ ಜೋಡಿಸಿ ಇಟ್ಟರು. ಅದನ್ನು ‘ಬಯಕೆಗಳ ದಫ್ತರ’ ಎನ್ನಬಹುದು. ‘ಇದು ಆಗದ ಮಾತು’ ಎಂದು ಯಾವುದನ್ನೂ ಮೊದಲೇ ಎತ್ತಿ ಹಾಕಲಿಲ್ಲ.

ನನ್ನ ಕಸುಬಿನ ಕಣ್ಣಿನಿಂದ ಒಂದು ಮಾತು. ಸಾಫ್ಟ್‌ವೇರ್ ಮಾಡುವಾಗ ಮೊದಲ ಕೆಲಸ ರಿಕ್ವೈರ್‌ಮೆಂಟ್ ಕೇಳುವುದು, ಎಂದರೆ ಬಳಸುವವರಿಗೆ ಏನು ಬೇಕು ಎಂದು ತಿಳಿಯುವುದು. ಬಹಳ ಸಲ ನಡೆಯುವುದು ಹೀಗೆ: ಏನು ಮಾಡಬೇಕೆಂದು ಮೇಲಿನವರು ತೀರ್ಮಾನಿಸಿರುತ್ತಾರೆ, ಆಮೇಲೆ ಕೆಳಗಿನವರನ್ನು ‘ನೀಲಿ ಬಣ್ಣ ಬೇಕೋ, ಹಸಿರು ಬೇಕೋ’ ಎಂದು ಕೇಳುತ್ತಾರೆ. ಸರ್ಕಾರಿ ಸಭೆಗಳಲ್ಲೂ ಹೀಗೇ. ನಕ್ಷೆ ಮೇಜಿನ ಮೇಲೆ ಹಾಸಿದ ಮೇಲೆ ಅಭಿಪ್ರಾಯ ಕೇಳಿದರೆ ಜನ ಏನು ಹೇಳಿಯಾರು? ಪೆನ್ನು ಹಿಡಿದು ಗೊತ್ತಿಲ್ಲದವರು ಸಹಿ ಹಾಕುತ್ತಾರೆ, ಗೊತ್ತಿದ್ದವರು ಹಿಂದೆ ನಿಂತು ಗೊಣಗುತ್ತಾರೆ. ಹ್ಯಾಂಬರ್ಗಿನವರು ಇದನ್ನು ತಿರುಗಿಸಿಬಿಟ್ಟರು. ನಕ್ಷೆಗೆ ಮೊದಲೇ ಕೇಳಿದರು, ಅದೂ ಮಾತು ಬಾರದವನಿಗೂ ಉತ್ತರ ಕೊಡಲು ಆಗುವ ಹಾಗೆ. ಮಣ್ಣಿಗೆ ವ್ಯಾಕರಣ ಬೇಡವಲ್ಲ! ಆರು ವರ್ಷದ ಮಗು, ಜರ್ಮನ್ ಬಾರದ ತಾಯಿ, ಬಂದರಿನ ಮುದುಕ, ಮೂವರಿಗೂ ಅದು ಒಂದೇ.

ಅದೇ ಹೊತ್ತಿಗೆ, 1997ರಲ್ಲಿ, ಬಡಾವಣೆಯ ಬಂದರು ಆಸ್ಪತ್ರೆಯನ್ನು ಮುಚ್ಚಿದಾಗ ದೊಡ್ಡ ಚಳವಳಿ ಎದ್ದಿತು. ಪಾರ್ಕಿನ ಬೇಡಿಕೆಯೂ ಅದರ ಜೊತೆ ಬಲಗೊಂಡಿತು. ನಗರಾಡಳಿತ ಪಾರ್ಕಿಗೆ ಒಪ್ಪಿತು. ಒಪ್ಪಿದ ಮೇಲೂ ಕಡತ ಮೇಜಿನಿಂದ ಮೇಜಿಗೆ ಹೋಗಲು ವರ್ಷಗಳೇ ಹಿಡಿದವು. ಕಡತದ ನಡಿಗೆ ಜರ್ಮನಿಯಲ್ಲೂ ನಮ್ಮ ತಾಲ್ಲೂಕು ಕಚೇರಿಯ ನಡಿಗೆಯೇ. ಅಷ್ಟರಲ್ಲಿ 2002ರಲ್ಲಿ, ಕಲಾಲೋಕದ ದೊಡ್ಡ ಜಾತ್ರೆ ಎನಿಸಿದ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಈ ದಫ್ತರ ಹೋಯಿತು. 2003ರಲ್ಲಿ ಇವರು ಬೇರೆ ದೇಶಗಳ ಇಂಥದೇ ಗುಂಪುಗಳನ್ನು ಕರೆಸಿ ಸಭೆ ಮಾಡಿದರು. ನಮ್ಮ ದೆಹಲಿಯ ಸರಾಯ್ ಬಳಗದವರೂ ಹೋಗಿದ್ದರು. 2005ರಲ್ಲಿ ಪಾರ್ಕು ತೆರೆಯಿತು.

ನಾನು ಅಲ್ಲಿಗೆ ಸಂಜೆ ಹೊತ್ತು ಹೋಗುತ್ತಿದ್ದೆ. ಚಳಿದೇಶದಲ್ಲಿ ತಾಳೆಮರ ಬೆಳೆಯುವುದಿಲ್ಲ, ಆದರೆ ಜನರಿಗೆ ತಾಳೆಮರ ಬೇಕಿತ್ತು. ಹಾಗಾಗಿ ಲೋಹದಲ್ಲಿ ಮಾಡಿಸಿ ನಿಲ್ಲಿಸಿದ್ದಾರೆ. ಹಾರುವ ಜಮಖಾನೆ ಎಂಬ ಹುಲ್ಲುಹಾಸಿದೆ, ಅಂಚು ಅಲೆಯ ಹಾಗೆ ಎದ್ದು ಬಿದ್ದಿದೆ, ಈಗಲೋ ಆಗಲೋ ಹಾರಿಬಿಡುತ್ತದೆ ಎನ್ನುವಂತೆ. ನಾಯಿಗಳಿಗೊಂದು ಮೂಲೆ, ಅಲ್ಲಿ ನಾಯಿಯ ಆಕಾರಕ್ಕೇ ಕತ್ತರಿಸಿದ ಗಿಡ. ಎದುರಿಗೆ ನದಿ, ಆಚೆ ದಡದಲ್ಲಿ ಹಡಗು ರಿಪೇರಿಯ ಕ್ರೇನುಗಳು. ಟಿಕೆಟ್ ಇಲ್ಲ. ಮನೆಯಿಲ್ಲದವನೂ, ನನ್ನಂಥ ಹೊರದೇಶದವನೂ, ಬೆಲೆ ಬಾಳುವ ಕೋಟು ತೊಟ್ಟವನೂ ಅದೇ ಹುಲ್ಲಿನ ಮೇಲೆ ಕೂರುತ್ತಾರೆ. ಮೊದಲ ದಿನ ನನಗೆ ಅದು ಅಷ್ಟೇನೂ ಸುಂದರ ಎನಿಸಲಿಲ್ಲ ಎನ್ನುವುದನ್ನೂ ಹೇಳಬೇಕು. ಒಬ್ಬರ ರುಚಿಗೆ ಮಾಡಿದ ತೋಟದ ಅಚ್ಚುಕಟ್ಟು ಅದಕ್ಕಿಲ್ಲ. ಹತ್ತು ಮನೆಯವರು ತಂದ ಬುತ್ತಿಯನ್ನು ಒಂದೇ ಎಲೆಗೆ ಬಡಿಸಿದ ಹಾಗಿದೆ.

ಯುಟೋಪಿಯ ಎಂಬ ಮಾತನ್ನು ಮೇಲಿನ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಪಾಠದಲ್ಲಿ ಕೇಳಿರಬಹುದು. 1516ರಲ್ಲಿ ಥಾಮಸ್ ಮೋರ್ ಬರೆದ ಪುಸ್ತಕದ ಹೆಸರು ಅದು; ‘ಎಲ್ಲಿಯೂ ಇಲ್ಲದ ಊರು’ ಎಂದು ಅರ್ಥ. ನಮ್ಮಲ್ಲಿ ಸಂತ ರವಿದಾಸರು ಬೇಗಂಪುರ ಎಂಬ ಊರನ್ನು ಕಂಡರು, ದುಃಖವಿಲ್ಲದ, ಕಂದಾಯದ ಭಯವಿಲ್ಲದ ಊರು. ಚಪ್ಪಲಿ ಹೊಲಿಯುವ ಕುಲದಲ್ಲಿ ಹುಟ್ಟಿದ ಅವರು ಅಂಥ ಊರನ್ನು ಏಕೆ ಕಂಡರು ಎಂದು ನಾವು ಯೋಚಿಸಬೇಕು. ಇರುವ ಊರಿನಲ್ಲಿ ತಮಗೆ ಜಾಗವಿಲ್ಲದವರೇ ಇಲ್ಲದ ಊರನ್ನು ಚೆನ್ನಾಗಿ ಕಾಣಬಲ್ಲರು. ಸಾಂಕ್ಟ್ ಪೌಲಿಯವರು ಮಾಡಿದ್ದು ಇಷ್ಟೆ: ಆ ಇಲ್ಲದ ಊರಿನ ಒಂದು ತುಂಡನ್ನು ಅಳತೆ ಹಿಡಿದು ನೆಲಕ್ಕೆ ಇಳಿಸಿದರು.

ಈಗ ಕಥೆಯ ಕಹಿ ಭಾಗ. ಪಾರ್ಕು ಉಳಿಯಿತು, ಆದರೆ ಸುತ್ತಲಿನ ಬಾಡಿಗೆ ಏರುವುದು ನಿಲ್ಲಲಿಲ್ಲ. ಕಲಾವಿದರು ಇರುವ, ಪಾರ್ಕಿರುವ, ನದಿ ಕಾಣುವ ಬಡಾವಣೆ ಎಂದರೆ ಮನೆ ಮಾರುವವರಿಗೆ ಅದೇ ಜಾಹೀರಾತು. ಇದನ್ನು ಕಲಾವಿದರೇ ಮೊದಲು ಬಾಯಿಬಿಟ್ಟು ಹೇಳಿದರು. 2009ರಲ್ಲಿ ಅವರು ‘ನಮ್ಮ ಹೆಸರಿನಲ್ಲಿ ಬೇಡ’ ಎಂಬ ಅರ್ಥದ ಪ್ರಣಾಳಿಕೆ ಹೊರಡಿಸಿ, ನಗರವನ್ನು ಮಾರಲು ನಮ್ಮನ್ನು ಬಣ್ಣದ ಕಾಗದ ಮಾಡಿಕೊಳ್ಳಬೇಡಿ ಎಂದರು. ಅದೇ ವರ್ಷ ಆಗಸ್ಟಿನಲ್ಲಿ ನಗರದ ನಡುವೆ ಉಳಿದಿದ್ದ ಗೆಂಗೆಫಿಯರ್ಟೆಲ್ ಎಂಬ ಹಳೆಯ ಓಣಿಗಳ ಕಟ್ಟಡಗಳಿಗೆ ಕಲಾವಿದರು ಹೊಕ್ಕು ಚಿತ್ರ ಪ್ರದರ್ಶನ ತೆರೆದುಬಿಟ್ಟರು. ಬಂಡವಾಳಗಾರರಿಗೆ ಮಾರಿದ್ದ ಆ ಕಟ್ಟಡಗಳನ್ನು ನಗರಾಡಳಿತ ವಾಪಸು ಕೊಂಡುಕೊಳ್ಳಬೇಕಾಯಿತು.

ಗೆದ್ದದ್ದು ಮಾತ್ರ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ರೀಪರ್‌ಬಾನಿನ ಪಕ್ಕದಲ್ಲೇ ಪೆಟ್ರೋಲ್ ಬಂಕಿನ ಹಿಂದೆ 1960ರ ದಶಕದ ವಸತಿ ಕಟ್ಟಡಗಳಿದ್ದವು. 2013ರ ಡಿಸೆಂಬರಿನಲ್ಲಿ, ಕಟ್ಟಡ ಅಲುಗಾಡಿತೆಂದು, ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಹೊರಗೆ ಕಳಿಸಿದರು. ಮರುವರ್ಷ ಕೆಡವಿದರು. ಅಲ್ಲಿ ಮುಂದೇನು ಬರಬೇಕು ಎಂದು ಕೇಳಲು ಪಾರ್ಕಿನ ಅನುಭವವಿದ್ದವರೂ ಸೇರಿ ‘ಪ್ಲಾನ್‌ಬೂಡೆ’, ಎಂದರೆ ಯೋಜನೆಯ ಗುಡಿಸಲು, ತೆರೆದರು. ಮತ್ತೆ ಕಂಟೇನರ್, ಮತ್ತೆ ಮಣ್ಣು. ಎರಡು ಸಾವಿರಕ್ಕೂ ಹೆಚ್ಚು ಸಲಹೆಗಳು ಬಂದವು. ಕಡಿಮೆ ಬಾಡಿಗೆಯ ಮನೆಗಳು ಬೇಕು, ಚಾವಣಿ ಎಲ್ಲರಿಗೂ ತೆರೆದಿರಬೇಕು ಎಂಬಂಥವು. ಒಪ್ಪಂದವೂ ಆಯಿತು. ಆದರೆ ಜಾಗ ವರ್ಷಗಟ್ಟಲೆ ಬೇಲಿ ಹಾಕಿದ ಗುಂಡಿಯಾಗಿಯೇ ಉಳಿಯಿತು. ನಾನೂ ಆ ಬೇಲಿಯ ಪಕ್ಕ ನಡೆದಿದ್ದೇನೆ. ನೆಲ ಯಾರ ಹೆಸರಿನಲ್ಲಿದೆ ಎನ್ನುವುದು ಕೊನೆಗೂ ದೊಡ್ಡ ಮಾತು. ಪಾರ್ಕಿನ ಜಾಗ ಸಾರ್ವಜನಿಕರದು, ಆದ್ದರಿಂದ ಬಯಕೆ ನೆಲಕ್ಕಿಳಿಯಿತು. ಇದು ಆಗ ಖಾಸಗಿಯವರದಾಗಿತ್ತು, ಗುಂಡಿಯಲ್ಲೇ ಉಳಿಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಶಾಲೆಯ ಜಾಗಕ್ಕೆ ಬರುತ್ತೇನೆ. ಹೆದ್ದಾರಿ ಅಗಲವಾದ ಮೇಲೆ ನಮ್ಮೂರಿನ ನೆಲವನ್ನು ಗುಂಟೆಯಲ್ಲಲ್ಲ, ಅಡಿಯಲ್ಲಿ ಅಳೆಯುತ್ತಿದ್ದಾರೆ. ಶಾಲೆಯ ಮುಂದಿನ ಜಾಗದಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟಿ ಬಾಡಿಗೆಯಿಂದ ಶಾಲೆಗೆ ಆದಾಯ ಮಾಡಬಹುದು ಎಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರು ಶಾಲೆಯ ಹಿತೈಷಿಗಳೇ. ಶೌಚಾಲಯಕ್ಕೆ, ಪ್ರಯೋಗಾಲಯಕ್ಕೆ ದುಡ್ಡು ಬೇಕು, ಅದು ನಿಜ. ಮಳಿಗೆ ಬೇಡವೇ ಬೇಡ ಎಂದು ಹೇಳಲು ನಾನು ಬಂದಿಲ್ಲ. ಆದರೆ ಆ ಜಾಗ ಖಾಲಿ ಎನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ. ಸುಗ್ಗಿಯಲ್ಲಿ ಅಲ್ಲಿ ಹುರುಳಿ, ರಾಗಿ ಒಣಗುತ್ತದೆ. ಬೆಳಗ್ಗೆ ಪೊಲೀಸ್ ಪರೀಕ್ಷೆಗೆ ತಯಾರಾಗುವ ಹುಡುಗರು ಓಡುತ್ತಾರೆ. ಬಸ್ಸಿಗೆ ಕಾಯುವ ಹೆಣ್ಣುಮಕ್ಕಳಿಗೆ ಹುಣಸೆ ಮರದ ನೆರಳೊಂದೇ ತಂಗುದಾಣ. ಕುರಿ ಮೇಯಿಸುವ ಅಜ್ಜಂದಿರು ಮಧ್ಯಾಹ್ನ ಅಲ್ಲೇ ಮಲಗುತ್ತಾರೆ. ಇವರಲ್ಲಿ ಒಬ್ಬರೂ ನಿನ್ನೆಯ ಸಭೆಯಲ್ಲಿ ಮಾತಾಡಲಿಲ್ಲ, ಮೈಕು ಅವರ ಕಡೆಗೆ ಹೋಗಲೇ ಇಲ್ಲ.

ಆದ್ದರಿಂದ ಎಸ್‌ಡಿಎಂಸಿಯವರಲ್ಲಿ, ಪಂಚಾಯಿತಿ ಸದಸ್ಯರಲ್ಲಿ ನನ್ನದೊಂದು ಬೇಡಿಕೆ. ಎಂಜಿನಿಯರನ್ನು ಕರೆಸಿ ನಕ್ಷೆ ಬರೆಸುವುದನ್ನು ಎರಡು ತಿಂಗಳು ಮುಂದಕ್ಕೆ ಹಾಕಿ. ಡ್ರಾಯಿಂಗ್ ಮೇಷ್ಟ್ರ ಹತ್ತಿರ ನಿನ್ನೆ ಮಾತಾಡಿದ್ದೇನೆ, ಮುಖ್ಯೋಪಾಧ್ಯಾಯರೂ ಒಪ್ಪಿದ್ದಾರೆ. ಪ್ರತಿ ಭಾನುವಾರ ಹುಣಸೆ ಮರದ ಕೆಳಗೆ ಎರಡು ಮೇಜು ಹಾಕುತ್ತೇವೆ, ಆ ಜಾಗದ ಅಳತೆಯ ಹಲಗೆ ಇಡುತ್ತೇವೆ. ಮಣ್ಣು ನಮ್ಮ ಕೆರೆಯದೇ. ಒಂಬತ್ತನೇ ತರಗತಿಯ ಮಕ್ಕಳು ಬಂದವರ ಮಾತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮಳಿಗೆ ಬೇಕು ಎಂದರೆ ಅದನ್ನೂ. ಬರಲಾಗದವರ ಮನೆಗೆ ಮಕ್ಕಳೇ ಹೋಗುತ್ತಾರೆ. ಭಾನುವಾರಗಳಿಗೆ ನಾನು ಬೆಂಗಳೂರಿನಿಂದ ಬರುತ್ತೇನೆ. ಬಂದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಜೋಡಿಸಿಕೊಡುವುದು ನನ್ನ ಹೊಣೆ. ಆಮೇಲೆ ಆ ಪುಸ್ತಕ, ಆ ಹಲಗೆಗಳನ್ನು ಗ್ರಾಮಸಭೆಯ ಮುಂದೆ ಇಡೋಣ, ಎಂಜಿನಿಯರೂ ಬರಲಿ.

ಮೊದಲ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ. ಮಣ್ಣು ಕಲಸಲು ಏಳೆಂಟು ಜನ ಹುಡುಗರು ಸ್ವಲ್ಪ ಬೇಗ ಬಂದರೆ ಉಪಕಾರವಾಗುತ್ತದೆ.