ರಜೆಗೆ ಮಾರಿಕಣಿವೆ



ಶಾಲೆಗೆ ರಜೆ ಬಂತು. "ಎಲ್ಲಿಗಾದ್ರೂ ಕರ್ಕೊಂಡು ಹೋಗಿ" ಅಂತಾರೆ ಮಕ್ಕಳು. ಅದಕ್ಕೆ ಸಾಲ ಮಾಡಬೇಕಿಲ್ಲ. ಹಿರಿಯೂರಿನ ಹತ್ತಿರ ಮಾರಿಕಣಿವೆ ಇದೆ. ವೇದಾವತಿ ಹೊಳೆಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು. 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಡುವೆ 89 ವರ್ಷ. ಎಷ್ಟೋ ಅಜ್ಜಿಯರು ಅದನ್ನು ಕಾಣದೆ ಹೋದರು. 2025ರಲ್ಲೂ ಕೋಡಿ ಹರಿಯಿತು. ಬರದ ಸೀಮೆಯ ನಮಗೆ ಅಷ್ಟು ನೀರು ನೋಡೋದೇ ಹಬ್ಬ.

ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರಿಂದ ನಮ್ಮ ರಾಜ್ಯದ ಹೆಂಗಸರಿಗೆ ದುಡ್ಡಿಲ್ಲ. ಗುರುತಿನ ಚೀಟಿ ಇಟ್ಕೊಳ್ಳಿ. ಗಂಡಸರ ಟಿಕೆಟ್ಟಿಗಷ್ಟೇ ಖರ್ಚು! ಬಸ್ಸಿನ ಬೋರ್ಡನ್ನು ನೀವೇ ಓದಿ ಹತ್ತಿ. ರೊಟ್ಟಿ, ಚಟ್ನಿ, ಮಜ್ಜಿಗೆ ಮನೆಯಿಂದಲೇ ಒಯ್ಯಿರಿ.

ಮಕ್ಕಳನ್ನು ನೀರಿಗೆ ಮಾತ್ರ ಇಳಿಸಬೇಡಿ. ಆಳ ಮೇಲಿಂದ ಕಾಣೋದಿಲ್ಲ. ಬೆಳಗಿನ ಬಸ್ಸಿಗೇ ಹೊರಡಿ. ಬಿಸಿಲೇರಿದರೆ ಕಾಲಡಿಯ ಕಲ್ಲೂ ಸುಡುತ್ತೆ.