ಫೈಲು ಬರೆಯುವವರಿಗೂ ಪಾಠ ಬೇಕು



ಊರಿನಿಂದ ಮುಂಬಯಿಗೆ ಬಂದ ನಮ್ಮ ಅಮ್ಮನಿಗೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಎರಡು ಫೈಲುಗಳಿದ್ದವು. ನಮ್ಮ ಕಡೆ ಹೆಸರಿನ ಮುಂದೆ ಇನಿಶಿಯಲ್. ಇಲ್ಲಿ ಹೆಸರಾದ ಮೇಲೆ ಗಂಡನ ಹೆಸರು, ಅಡ್ಡಹೆಸರು. ಮೊದಲ ಸಲ ಒಂದು ರೀತಿ, ಎರಡನೇ ಸಲ ಇನ್ನೊಂದು ರೀತಿ ಬರೆದುಕೊಂಡರು. ಅಮ್ಮನಿಗೆ ಪೆನಿಸಿಲಿನ್ ಆಗದು ಎಂಬ ಮಾತು ಹಳೆಯ ಫೈಲಿನಲ್ಲೇ ಉಳಿಯಿತು. ಸೂಜಿ ಚುಚ್ಚುವ ಮುನ್ನ ನರ್ಸ್ ಕೇಳಿದರು, ಕನ್ನಡವಷ್ಟೇ ಬರುವ ಅಮ್ಮನ ಪಕ್ಕದಲ್ಲಿ ನಾನಿದ್ದೆ. ಬಚಾವಾದೆವು.

ಕೌಂಟರಿನ ಹುಡುಗನ ಮೇಲೆ ರೇಗಿದೆ. "ಮೇಡಂ, ಟೈಪಿಂಗ್ ಬರುತ್ತದೆಯೇ ಎಂದು ಕೇಳಿ ಕೂರಿಸಿದರು. ಬೇರೇನೂ ಹೇಳಿಕೊಡಲಿಲ್ಲ" ಎಂದ. ನನ್ನ ಸಿಟ್ಟು ಇಳಿಯಿತು.

ಟೈಪಿಂಗ್ ಸಾಲದು, ಕೇಳುಗರೇ. ಹೊಸ ಫೈಲು ತೆರೆಯುವ ಮೊದಲು ಹುಟ್ಟಿದ ದಿನ, ಫೋನ್ ನಂಬರ್ ಹಾಕಿ ಹಳೆಯದನ್ನು ಹುಡುಕಬೇಕು. ಕಾಯಿಲೆಗಳ ಪರಿಚಯವಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೆ ಇ11 ಎಂಬ ಸಂಕೇತ. ತಪ್ಪಿ ಇ10 ಒತ್ತಿದರೆ ಅದು ಟೈಪ್ 1 ಆಗಿಬಿಡುತ್ತದೆ! 2022ರ ಜನವರಿ 1ರಿಂದ ಐಸಿಡಿ-11 ಬಂದಿದೆ. ಹಾಗಾಗಿ ಒಮ್ಮೆ ಕಲಿತವರೂ ಮತ್ತೆ ಕಲಿಯಬೇಕು.

2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯಿತು. ಅದರಡಿ ಸಿಗುವ 14 ಅಂಕಿಗಳ ಆಭಾ ಸಂಖ್ಯೆಯಿಂದ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸಬಹುದು. ಆದರೆ ತಪ್ಪು ದಾಖಲೆ ಜೋಡಿಸಿದರೆ ತಪ್ಪೇ ಊರೂರು ತಿರುಗುತ್ತದೆ. ಅದೇ 2021ರಲ್ಲಿ ಬಂದ ಆರೋಗ್ಯ ವೃತ್ತಿಗಳ ಕಾಯ್ದೆಯು ಆರೋಗ್ಯ ಮಾಹಿತಿ ನಿರ್ವಹಣೆಯನ್ನೂ ಒಂದು ವೃತ್ತಿಯೆಂದು ಪಟ್ಟಿಗೆ ಸೇರಿಸಿದೆ. ನಮ್ಮ ಮಣಿಪಾಲದಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿದೆ. ಪದವಿ ಮುಗಿಸಿ ಮುಂದೇನು ಎನ್ನುವ ಮಕ್ಕಳು ಮನೆಯಲ್ಲಿದ್ದರೆ ಈ ದಾರಿಯನ್ನೂ ತೋರಿಸಿ.

ಕನ್ನಡ ಬಿ.ಎ. ಓದಿದ ನನಗೂ ಮೈಕಿನ ಮುಂದೆ ಕೂರಿಸುವ ಮೊದಲು ಉಚ್ಚಾರಣೆ ಕಲಿಸಿದರು. ನಾನು ತಪ್ಪಿದರೆ ನೀವು ನಕ್ಕು ಸುಮ್ಮನಾಗುತ್ತೀರಿ. ಅಲ್ಲಿ ತಪ್ಪಿದರೆ ಜೀವಕ್ಕೇ ಸಂಚಕಾರ.

ಅಲ್ಲಿಯವರೆಗೆ ನಮ್ಮ ಕೆಲಸ ನಾವು ಮಾಡೋಣ. ಪ್ರತಿ ಸಲವೂ ಗುರುತಿನ ಚೀಟಿಯಲ್ಲಿರುವ ಹೆಸರನ್ನೇ ಕೊಡಿ. "ಹಳೆಯ ಫೈಲು ಇದೆಯೇ, ನೋಡಿ" ಎನ್ನಿ. ಒಗ್ಗದ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು ಅಪ್ಪ ಅಮ್ಮನ ಪರ್ಸಿನಲ್ಲಿಡಿ.